ಎಲ್ಲವೂ ಹಸಿರಾಗಿದ್ದಾಗ: ಕಚೇರಿಯ ನಿಗಾ ತಂತ್ರಾಂಶದ ಕೊರತೆಗಳನ್ನು ಹುಡುಕಿ ದಾಖಲಿಸುವ ವಿಧಾನ

ಕೆಲವು ವರ್ಷಗಳ ಹಿಂದೆ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಹೊರರೋಗಿ ನೋಂದಣಿ ಕೌಂಟರಿನ ಐದು ಕಂಪ್ಯೂಟರುಗಳಲ್ಲಿ ನಾಲ್ಕು ನೆಟ್‌ವರ್ಕಿಗೆ ಸೇರಲೇ ಇಲ್ಲ. ಸರದಿ ಸಾಲು ಹೊರಗಿನ ಮೆಟ್ಟಿಲಿನವರೆಗೆ ಬೆಳೆದಿತ್ತು. ಕೌಂಟರಿನ ಸಿಬ್ಬಂದಿ ಫೋನ್ ಮಾಡಿ "ಸರ್, ಚೀಟಿ ಕೊಡೋಕೇ ಆಗ್ತಿಲ್ಲ, ಜನ ಬೈತಾ ಇದ್ದಾರೆ" ಎಂದಾಗ ನನ್ನ ಎದುರಿನ ಪರದೆಯಲ್ಲಿ ಜಾಲದ ಉಪಕರಣಗಳು ಓಡುತ್ತಿವೆಯೇ ಎಂದು ಕಾಯುವ ನಿಗಾ ತಂತ್ರಾಂಶದ ಒಂದೊಂದು ಚೌಕವೂ ಹಸಿರಾಗಿತ್ತು, ಅಂದರೆ ಎಲ್ಲವೂ ಸರಿಯಿದೆ ಎನ್ನುತ್ತಿತ್ತು.

ಕೌಂಟರಿಗೆ ಹೋಗಿ ನೋಡಿದರೆ ಆ ನಾಲ್ಕೂ ಕಂಪ್ಯೂಟರುಗಳು 169.254ರಿಂದ ಆರಂಭವಾಗುವ ವಿಳಾಸವನ್ನು ತಮಗೆ ತಾವೇ ಕೊಟ್ಟುಕೊಂಡಿದ್ದವು. ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯಿಂದ ಏನೂ ಸಿಗಲಿಲ್ಲ ಎಂಬುದರ ಗುರುತು ಅದು. ಆ ಜಾಲದಲ್ಲಿ ಹಂಚಲು ಇದ್ದದ್ದು ಹೆಚ್ಚೆಂದರೆ 254 ವಿಳಾಸ, ಒಂದೊಂದರ ಅವಧಿ 24 ಗಂಟೆ. ಶನಿವಾರ ಮಧ್ಯಾಹ್ನ ಆರಿಸಿಟ್ಟ ಕಂಪ್ಯೂಟರುಗಳ ಅವಧಿ ಭಾನುವಾರವೇ ಮುಗಿದಿತ್ತು. ವಾರ್ಡಿನಲ್ಲಿ ಯಾರೋ ವೈಫೈ ಪಾಸ್‌ವರ್ಡನ್ನು ರೋಗಿಗಳ ಕಡೆಯವರಿಗೆ ಕೊಟ್ಟಿದ್ದರಿಂದ ಬಿಟ್ಟುಹೋದ ವಿಳಾಸಗಳನ್ನೆಲ್ಲ ಅವರ ಫೋನುಗಳು ಹಿಡಿದುಕೊಂಡಿದ್ದವು. ಐದನೆಯ ಕಂಪ್ಯೂಟರಿಗೆ ಹಿಂದೆ ಯಾರೋ ಕೈಯಾರೆ ವಿಳಾಸ ಬರೆದಿಟ್ಟಿದ್ದರಿಂದ ಅದೊಂದು ಬದುಕಿಕೊಂಡಿತ್ತು. ನಮ್ಮ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಫೈರ್‌ವಾಲ್, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್, ಸರ್ವರುಗಳನ್ನು "ಇದ್ದೀಯಾ" ಎಂದು ಕೇಳುತ್ತಿತ್ತು, ಅವು "ಇದ್ದೇನೆ" ಎನ್ನುತ್ತಿದ್ದವು. ಖಾಲಿ ವಿಳಾಸ ಎಷ್ಟು ಉಳಿದಿವೆ ಎಂದು ಕೇಳಲು ನಾನು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಕೌಂಟರಿನ ಕಂಪ್ಯೂಟರುಗಳು ದಿನವೂ ಆರಿ ಮತ್ತೆ ಚಾಲೂ ಆಗುವವು ಎಂಬ ಕಾರಣಕ್ಕೆ ಅವುಗಳ ಎಚ್ಚರಿಕೆಯನ್ನು ನಾನೇ ನಿಲ್ಲಿಸಿದ್ದೆ.

ನಿಮ್ಮ ಕಚೇರಿಯಲ್ಲಿರುವ ನಿಗಾ ತಂತ್ರಾಂಶ ನಾಗಿಯೋಸ್ ಇರಲಿ, ಝಾಬಿಕ್ಸ್ ಇರಲಿ, ಪಿಆರ್‌ಟಿಜಿ ಇರಲಿ, ಅಥವಾ ಉಪಕರಣ ಮಾರಿದ ಕಂಪನಿಯೇ ಕೊಟ್ಟ ಕ್ಲೌಡ್ ಡ್ಯಾಶ್‌ಬೋರ್ಡ್ ಇರಲಿ, ಅದು ಏನನ್ನು ಕಾಣುವುದಿಲ್ಲ ಎಂಬುದನ್ನು ಜನರು ಸಾಲಿನಲ್ಲಿ ನಿಲ್ಲುವ ಮೊದಲೇ ತಿಳಿದಿರುವುದು ನಮ್ಮ ಕೆಲಸ ಎಂದು ನಾನು ನಂಬಿದ್ದೇನೆ. ಆ ಕೊರತೆಗಳನ್ನು ಕ್ರಮವಾಗಿ ಹುಡುಕಿ, ಬರೆದಿಟ್ಟು, ಸಾಧ್ಯವಾದವನ್ನು ಸರಿಪಡಿಸುವ ಬಗೆಯನ್ನು ಇಲ್ಲಿ ಹೇಳಿದ್ದೇನೆ.

ಮೊದಲು ಒಂದು ದಾಖಲೆ ಪುಸ್ತಕ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಒಂದು ತಿಂಗಳು ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತ ಹೋಗಿ: ತೊಂದರೆ ನಿಮಗೆ ಮೊದಲು ಗೊತ್ತಾದದ್ದು ಬಳಕೆದಾರರ ಫೋನಿನಿಂದಲೋ, ತಂತ್ರಾಂಶದ ಎಚ್ಚರಿಕೆಯಿಂದಲೋ? ಪ್ರತಿ ದೂರಿಗೂ ಒಂದು ಸಾಲು ಸಾಕು. ಫೋನ್ ಬಂದ ಸಮಯ, ಉಪಕರಣದ ಹೆಸರು, ಆ ಕ್ಷಣದಲ್ಲಿ ಪರದೆಯ ಮೇಲೆ ಅದು ಯಾವ ಬಣ್ಣದಲ್ಲಿತ್ತು ಎಂಬುದು, ಎಚ್ಚರಿಕೆ ಬಂದಿದ್ದರೆ ಎಷ್ಟು ಹೊತ್ತಿಗೆ ಬಂತು ಎಂಬುದು ಆ ಸಾಲಿನಲ್ಲಿರಲಿ. ಸಾಮಾನ್ಯ ನೋಟ್‌ಬುಕ್ಕೇ ಒಳ್ಳೆಯದು, ಏಕೆಂದರೆ ನೆಟ್‌ವರ್ಕ್ ಬಿದ್ದಾಗಲೂ ಅದರಲ್ಲಿ ಬರೆಯಬಹುದು.

ಇದಕ್ಕೆ ವಿರುದ್ಧವಾದುದನ್ನೂ ಬರೆದಿಡಬೇಕು. ಎಚ್ಚರಿಕೆ ಬಂದು, ನೀವು ಓಡಿಹೋಗಿ ನೋಡಿದಾಗ ಏನೂ ಆಗಿರದ ಸಂದರ್ಭಗಳು ಇವು. ಇಂಥ ಹುಸಿ ಎಚ್ಚರಿಕೆಗಳು ಒಂದು ಮಿತಿ ದಾಟಿದರೆ ಮನುಷ್ಯರು ಎಲ್ಲ ಎಚ್ಚರಿಕೆಗಳನ್ನೂ ನೋಡುವುದನ್ನೇ ಬಿಡುತ್ತಾರೆ, ಫೋನನ್ನು ಸೈಲೆಂಟಿಗೆ ಹಾಕುತ್ತಾರೆ, ಇಮೇಲಿಗೆ ಫಿಲ್ಟರ್ ಹಾಕಿ ಬೇರೆ ಫೋಲ್ಡರಿಗೆ ತಳ್ಳುತ್ತಾರೆ. ಅದಾದ ಮೇಲೆ ತಂತ್ರಾಂಶ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹಾಗಾಗಿ ಹುಸಿ ಎಚ್ಚರಿಕೆಯನ್ನು ಚಿಕ್ಕ ಕಿರಿಕಿರಿ ಎಂದು ಬಿಟ್ಟುಬಿಡದೆ, ತಪ್ಪಿಹೋದ ಎಚ್ಚರಿಕೆಯಷ್ಟೇ ದೊಡ್ಡ ಕೊರತೆಯೆಂದು ಲೆಕ್ಕಕ್ಕೆ ಹಿಡಿಯಿರಿ.

ಪಟ್ಟಿಯಲ್ಲೇ ಇಲ್ಲದ ಉಪಕರಣಗಳು

ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು ಕೆಲಸ ಮಾಡಬಹುದು. ತಂತ್ರಾಂಶದಲ್ಲಿರುವ ಉಪಕರಣಗಳ ಪಟ್ಟಿಯನ್ನು ತೆಗೆದು, ಅದನ್ನು ಕಚೇರಿಯ ಸ್ಟಾಕ್ ರಿಜಿಸ್ಟರಿನೊಂದಿಗೆ, ವಾರ್ಷಿಕ ನಿರ್ವಹಣೆ ಒಪ್ಪಂದದ ಪಟ್ಟಿಯೊಂದಿಗೆ, ಮತ್ತು ಕೇಂದ್ರ ಸ್ವಿಚ್ಚಿನಲ್ಲಿ ದಾಖಲಾಗಿರುವ ಮ್ಯಾಕ್ ವಿಳಾಸಗಳೊಂದಿಗೆ (ಒಂದೊಂದು ಉಪಕರಣದ ಜಾಲ ಗುರುತಿನ ಸಂಖ್ಯೆ) ಹೋಲಿಸಿ. ಈ ನಾಲ್ಕೂ ಒಂದಕ್ಕೊಂದು ತಾಳೆಯಾದ ಕಚೇರಿಯನ್ನು ನಾನು ಇದುವರೆಗೆ ನೋಡಿಲ್ಲ. ತಂತ್ರಾಂಶದ ಸ್ವಯಂಚಾಲಿತ ಹುಡುಕಾಟ ತನಗೆ ಉತ್ತರ ಕೊಟ್ಟವರನ್ನಷ್ಟೇ ಪಟ್ಟಿಗೆ ಸೇರಿಸುತ್ತದೆ. ಬೆರಳಚ್ಚು ಹಾಜರಾತಿ ಯಂತ್ರ, ಸಿಸಿಟಿವಿಯ ರೆಕಾರ್ಡರ್, ಪ್ರಯೋಗಾಲಯದ ವಿಶ್ಲೇಷಣಾ ಯಂತ್ರದ ಪಕ್ಕದ ಹಳೆಯ ಕಂಪ್ಯೂಟರ್ ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ.

ಯಾವ ಪಟ್ಟಿಯಲ್ಲೂ ಸಿಗದ ಒಂದು ವಸ್ತುವಿದೆ, ಅದಕ್ಕೆ ನಡೆದೇ ಹೋಗಬೇಕು. ಮೇಜಿನ ಕೆಳಗೆ, ಕೇಬಲ್ಲುಗಳ ನಡುವೆ, ದೂಳು ಹಿಡಿದು ಬಿದ್ದಿರುವ ಎಂಟು ಪೋರ್ಟಿನ ಚಿಕ್ಕ ಸ್ವಿಚ್ ಅದು. ಅದಕ್ಕೆ ತನ್ನದೇ ಐಪಿ ವಿಳಾಸವಿರುವುದಿಲ್ಲ, ಆದ್ದರಿಂದ ಯಾವ ತಂತ್ರಾಂಶವೂ ಅದನ್ನು ಕೇಳಲಾರದು. ಕಸ ಗುಡಿಸುವಾಗ ಅದರ ಅಡಾಪ್ಟರ್ ಸಡಿಲವಾದರೆ ಏಳು ಮಂದಿಯ ಕೆಲಸ ನಿಲ್ಲುತ್ತದೆ. ಕೇಂದ್ರ ಸ್ವಿಚ್ಚಿನ ಒಂದೇ ಪೋರ್ಟಿನಲ್ಲಿ ಐದಾರು ಮ್ಯಾಕ್ ವಿಳಾಸಗಳು ಕಂಡರೆ ಆ ಕೇಬಲ್ಲಿನ ಕೊನೆಯಲ್ಲಿ ಇಂಥದ್ದೊಂದು ಇದೆ ಎಂದು ಊಹಿಸಬಹುದು. ಅದನ್ನು ತೆಗೆಸಲು ಆಗದಿದ್ದರೆ, ಆ ಪೋರ್ಟಿನ ಸ್ಥಿತಿಯನ್ನಾದರೂ ನಿಗಾಕ್ಕೆ ಸೇರಿಸಿ, ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ ಬನ್ನಿ.

ಪಟ್ಟಿಯಲ್ಲಿದ್ದೂ ಇಲ್ಲದಂತಿರುವವು ಇನ್ನೊಂದು ಬಗೆ. ದುರಸ್ತಿಯ ದಿನ ಎಚ್ಚರಿಕೆ ಬರದಿರಲೆಂದು ನಿಗಾವನ್ನು ತಾತ್ಕಾಲಿಕವಾಗಿ ತಡೆಹಿಡಿದು ('ಪಾಜ್' ಮಾಡಿ) ಮರೆತುಹೋದ ಉಪಕರಣಗಳು ಇದರಲ್ಲಿ ಸೇರುತ್ತವೆ. ಹೀಗೆ ತಡೆಹಿಡಿದವುಗಳನ್ನು ಬೇರೆಯಾಗಿ ತೋರಿಸುವ ಸೌಲಭ್ಯ ಹೆಚ್ಚಿನ ತಂತ್ರಾಂಶಗಳಲ್ಲಿ ಇದೆ. ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ತಂತ್ರಾಂಶ ಕೇಳುತ್ತಿರುವ ಪ್ರಶ್ನೆ ಯಾವುದು

ಈಗ ಒಂದೊಂದು ಉಪಕರಣದ ಮುಂದೆಯೂ ತಂತ್ರಾಂಶ ಅದನ್ನು ಕೇಳುತ್ತಿರುವ ಪ್ರಶ್ನೆಯನ್ನು ಸರಳ ಕನ್ನಡದಲ್ಲಿ ಬರೆಯಿರಿ. ಹೆಚ್ಚಿನ ಕಡೆ ಅದು ಪಿಂಗ್ ಆಗಿರುತ್ತದೆ. ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ 1983ರ ಡಿಸೆಂಬರಿನಲ್ಲಿ ಒಂದು ಜಾಲದ ತೊಂದರೆಯನ್ನು ಪತ್ತೆಹಚ್ಚಲು ಬರೆದ ಈ ಪುಟ್ಟ ಪ್ರೋಗ್ರಾಂ ಇಂದಿಗೂ ಅದೇ ಒಂದು ಕೆಲಸವನ್ನು ಮಾಡುತ್ತದೆ: ದತ್ತಾಂಶದ ಒಂದು ಪೊಟ್ಟಣ ಅಲ್ಲಿಗೆ ಹೋಗಿ ಮರಳಿ ಬಂತೇ ಎಂದು ನೋಡುತ್ತದೆ. ಆ ಉತ್ತರವನ್ನು ಕೊಡುವುದು ಯಂತ್ರದ ಆಪರೇಟಿಂಗ್ ಸಿಸ್ಟಂ. ಅದರ ಮೇಲೆ ಓಡುವ ಡೇಟಾಬೇಸ್ ಡಿಸ್ಕ್ ತುಂಬಿ ನಿಂತಿದ್ದರೂ, ಮುದ್ರಣದ ಸರದಿ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಸಿಕ್ಕಿಹಾಕಿಕೊಂಡಿದ್ದರೂ ಪಿಂಗಿಗೆ ಉತ್ತರ ಬರುತ್ತಲೇ ಇರುತ್ತದೆ.

ಹೀಗಾಗಿ ಬಳಕೆದಾರ ನಿಜವಾಗಿ ಮಾಡುವ ಕೆಲಸವನ್ನು ತಂತ್ರಾಂಶವೇ ಚಿಕ್ಕದಾಗಿ ಮಾಡಿ ನೋಡುವಂತೆ ಏರ್ಪಡಿಸಬೇಕು. ಡಿಎನ್‌ಎಸ್ ಎಂಬ, ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರಿಗೆ ಪಿಂಗ್ ಮಾಡುವ ಬದಲು ಒಂದು ಹೆಸರಿನ ವಿಳಾಸವನ್ನು ಕೇಳಿಸಿ. ಡಿಎಚ್‌ಸಿಪಿಯಿಂದ ಒಂದು ವಿಳಾಸ ಬೇಡಿ, ಉಳಿದಿರುವ ವಿಳಾಸಗಳ ಸಂಖ್ಯೆಯನ್ನೂ ಓದಿಸಿ. ಒಳಜಾಲದ ವೆಬ್ ಪುಟ ತೆರೆದು, ಅದರಲ್ಲಿ 'ಲಾಗಿನ್' ಎಂಬ ಪದ ಇದೆಯೇ ಎಂದು ಹುಡುಕಿಸಿ. ದೋಷದ ಪುಟವೂ ಪುಟವೇ ಆದ್ದರಿಂದ, ಪುಟ ತೆರೆಯಿತು ಎಂಬುದಷ್ಟೇ ಸಾಲದು. ಅದರ ಜೊತೆಗೆ ಭದ್ರತಾ ಪ್ರಮಾಣಪತ್ರ ಇನ್ನೆಷ್ಟು ದಿನ ಬಾಳುತ್ತದೆ ಎಂಬುದನ್ನೂ ನೋಡಿಸುವುದು ಅಗತ್ಯ. ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿ 398 ದಿನಗಳಿಂದ 2026ರ ಮಾರ್ಚ್ 15ರ ನಂತರ 200 ದಿನಗಳಿಗೆ, 2029ರ ಮಾರ್ಚ್ 15ರ ನಂತರ 47 ದಿನಗಳಿಗೆ ಇಳಿಯುವಂತೆ ನಿಯಮವಾಗಿರುವುದರಿಂದ, ವರ್ಷಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಹಳೆಯ ಪದ್ಧತಿ ಇನ್ನು ನಡೆಯುವುದಿಲ್ಲ.

ಉಪಕರಣ ಕೊಟ್ಟ ಉತ್ತರವನ್ನು ತಂತ್ರಾಂಶ ತಪ್ಪಾಗಿ ಓದುವುದೂ ಉಂಟು. ಪ್ರಿಂಟರನ್ನೇ ನೋಡಿ. ಎಸ್‌ಎನ್‌ಎಂಪಿ ಎಂಬ, ಉಪಕರಣದ ಒಳಗಿನ ಅಂಕಿಗಳನ್ನು ಜಾಲದ ಮೂಲಕ ಕೇಳುವ ಪದ್ಧತಿಯಲ್ಲಿ ಟೋನರ್ ಎಷ್ಟಿದೆ ಎಂದು ಕೇಳಿದಾಗ ಕೆಲವು ಮಾದರಿಗಳು ಶೇಕಡಾವಾರು ಲೆಕ್ಕಕ್ಕೆ ಬೇಕಾದ ಅಂಕಿ ಕೊಡದೆ -3 ಎಂದು ಉತ್ತರಿಸುತ್ತವೆ. ಪ್ರಿಂಟರುಗಳ ಮಾನಕದ ಪ್ರಕಾರ -3 ಎಂದರೆ 'ಸ್ವಲ್ಪ ಉಳಿದಿದೆ, ಎಷ್ಟೆಂದು ಹೇಳಲಾರೆ' ಎಂದರ್ಥ. -2 ಎಂದರೆ 'ಗೊತ್ತಿಲ್ಲ'. ಇದನ್ನು ಅರಿಯದ ತಂತ್ರಾಂಶ -3ನ್ನು ಸೊನ್ನೆಗಿಂತ ಕಡಿಮೆ ಎಂದು ಓದಿ ದಿನವಿಡೀ ಟೋನರ್ ಮುಗಿದಿದೆ ಎನ್ನುತ್ತದೆ, ಇಲ್ಲವೇ ತಿಳಿಯದ ಅಂಕಿ ಎಂದು ಬದಿಗಿಟ್ಟು ನಿಜವಾಗಿ ಮುಗಿದಾಗಲೂ ಸುಮ್ಮನಿರುತ್ತದೆ. ನಿಮ್ಮ ಕಚೇರಿಯ ಪ್ರತಿ ಮಾದರಿಯ ಒಂದೊಂದು ಪ್ರಿಂಟರಿನ ಮುಂದೆ ನಿಂತು, ಅದರ ಪುಟ್ಟ ಪರದೆಯಲ್ಲಿ ಕಾಣುವ ಮಟ್ಟವನ್ನೂ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮಟ್ಟವನ್ನೂ ಹೋಲಿಸಿ ನೋಡುವುದೊಂದೇ ಇದನ್ನು ಕಂಡುಹಿಡಿಯುವ ದಾರಿ.

ಯುಪಿಎಸ್ ಇನ್ನೂ ಹೆಚ್ಚು ಮೋಸಗೊಳಿಸುತ್ತದೆ. ಮುಖ್ಯ ವಿದ್ಯುತ್ ಇರುವಾಗ ಅದು 'ಬ್ಯಾಟರಿ ಶೇಕಡಾ 100, ಉಳಿದ ಸಮಯ 40 ನಿಮಿಷ' ಎಂದು ವರದಿ ಮಾಡುತ್ತಿರಬಹುದು. ಕರೆಂಟು ಹೋದ ಮೂರನೆಯ ನಿಮಿಷಕ್ಕೆ ಸರ್ವರ್ ಕೋಣೆ ಕತ್ತಲಾಗಬಹುದು. ಚಾರ್ಜ್ ಆಗುತ್ತಿರುವ ಹಳೆಯ ಬ್ಯಾಟರಿಯ ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ, ಭಾರ ಬಿದ್ದಾಗಲಷ್ಟೇ ಅದು ಕುಸಿಯುತ್ತದೆ. ಸರ್ವರ್ ಕೋಣೆಗಳಲ್ಲಿ ಸಾಮಾನ್ಯವಾಗಿ ಬಳಸುವ ಮುಚ್ಚಿದ ಸೀಸದ ಬ್ಯಾಟರಿಗಳ ಆಯುಷ್ಯವನ್ನು 25 ಡಿಗ್ರಿ ಉಷ್ಣತೆಗೆ ಲೆಕ್ಕಹಾಕಿರುತ್ತಾರೆ, ಅದಕ್ಕಿಂತ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ಏಸಿ ಇಲ್ಲದ ಮೂಲೆಯಲ್ಲಿ ಇಟ್ಟ ಬ್ಯಾಟರಿಗಳ ವಿಷಯದಲ್ಲಿ ತಂತ್ರಾಂಶದ ಅಂಕಿಯನ್ನು ನಂಬಬೇಡಿ. ಮೂರು ತಿಂಗಳಿಗೊಮ್ಮೆ ರಜೆಯ ದಿನ ನಿಜವಾದ ಭಾರದಲ್ಲಿ ಓಡಿಸಿ, ಕೈಗಡಿಯಾರ ನೋಡಿ ನಿಮಿಷಗಳನ್ನು ಬರೆದುಕೊಳ್ಳಿ.

ಡಿಸ್ಕಿನ ಆರೋಗ್ಯವನ್ನು ಹೇಳುವ ಸ್ಮಾರ್ಟ್ ಅಂಕಿಗಳಿಗೂ ಇದೇ ಮಿತಿ ಇದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು ಉಷ್ಣತೆಯೊಂದನ್ನು ಬಿಟ್ಟರೆ ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಟ್ಟಿರಲಿಲ್ಲ. ಡಿಸ್ಕ್ ಹಸಿರಾಗಿದೆ ಎಂದು ಬ್ಯಾಕಪ್ಪನ್ನು ಮುಂದೂಡಬಾರದು.

ಐದು ನಿಮಿಷದ ಒಳಗೆ ಏನಾಗುತ್ತದೆ

ಎರಡು ಪರೀಕ್ಷೆಗಳ ನಡುವಿನ ಅಂತರವನ್ನು ಐದು ನಿಮಿಷಕ್ಕೆ ಇಡುವುದು ಹಳೆಯ ರೂಢಿ. ಒಂದು ಇಂಟರ್ನೆಟ್ ಲೈನು 20 ಸೆಕೆಂಡು ಪೂರ್ತಿ ತುಂಬಿ ಹೋದರೆ ದೂರವಾಣಿಯ ಮಾತು ತುಂಡಾಗುತ್ತದೆ, ವಿಡಿಯೋ ಸಭೆ ನಿಲ್ಲುತ್ತದೆ. ಆದರೆ 300 ಸೆಕೆಂಡುಗಳ ಸರಾಸರಿಯಲ್ಲಿ ಆ 20 ಸೆಕೆಂಡು ಶೇಕಡಾ 7ರ ಆಸುಪಾಸಿನ ಬಳಕೆಯಾಗಿ ಕಾಣುತ್ತದೆ. ಬಳಕೆದಾರ ಹೇಳಿದ್ದು ನಿಜ, ನಕ್ಷೆ ತೋರಿಸಿದ್ದೂ ನಿಜ. ಇಂಥ ದೂರು ಬಂದಾಗ ನಕ್ಷೆಯನ್ನು ತೋರಿಸಿ "ಲೈನ್ ಸರಿಯಾಗಿದೆ" ಎಂದು ವಾದಿಸಬಾರದು. ಆ ಒಂದು ಪೋರ್ಟಿನ ಅಂತರವನ್ನು ಕೆಲವು ದಿನ 10 ಅಥವಾ 15 ಸೆಕೆಂಡಿಗೆ ಇಳಿಸಿ ನೋಡುವುದು ಸರಿಯಾದ ಕ್ರಮ.

ವೇಗದ ಪೋರ್ಟುಗಳಲ್ಲಿ ಇನ್ನೊಂದು ತಪ್ಪು ಅಡಗಿರುತ್ತದೆ. ಹಳೆಯ ಎಸ್‌ಎನ್‌ಎಂಪಿ ಎಣಿಕೆ (ಪೋರ್ಟಿನಲ್ಲಿ ಹಾದುಹೋದ ಬೈಟುಗಳ ಲೆಕ್ಕ) 32 ಬಿಟ್‌ಗಳದು. 4,29,49,67,296 ಬೈಟು ಆದೊಡನೆ ಅದು ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಪೂರ್ತಿ ತುಂಬಿದ ಒಂದು ಗಿಗಾಬಿಟ್ ಲೈನಿನಲ್ಲಿ ಇದಕ್ಕೆ ಸುಮಾರು 34 ಸೆಕೆಂಡು ಸಾಕು. ಐದು ನಿಮಿಷದಲ್ಲಿ ಎಂಟು ಸಲ ಸುತ್ತಿ ಬಂದ ಎಣಿಕೆಯನ್ನು ತಂತ್ರಾಂಶ ಒಂದು ಸಲವೆಂದು ಓದಿದರೆ, ತುಂಬಿ ತುಳುಕುತ್ತಿರುವ ಲೈನು ಬಿಡುವಾಗಿದ್ದಂತೆ ತೋರುತ್ತದೆ. ಪೋರ್ಟಿನ ಸೆಟ್ಟಿಂಗ್ ತೆರೆದು 64 ಬಿಟ್ ಎಣಿಕೆಯನ್ನು ಆರಿಸಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ; ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ, ಎರಡು ಅಥವಾ ಮೂರನೆಯ ಆವೃತ್ತಿ ಬೇಕು.

ಎಚ್ಚರಿಕೆ ತಡವಾಗುವುದರ ಲೆಕ್ಕವನ್ನೂ ಹಾಕಿಡಿ. ಪರೀಕ್ಷೆ ಐದು ನಿಮಿಷಕ್ಕೊಮ್ಮೆ, ವಿಫಲವಾದರೆ ಒಂದು ನಿಮಿಷದ ಅಂತರದಲ್ಲಿ ಇನ್ನೆರಡು ಸಲ ನೋಡಿ ಆಮೇಲೆ ಎಚ್ಚರಿಕೆ ಎಂದಿದ್ದರೆ, ಉಪಕರಣ ನಿಂತ ಏಳು ನಿಮಿಷದವರೆಗೂ ನಿಮಗೆ ಸುದ್ದಿ ಬಾರದಿರಬಹುದು. ಮರುಪರೀಕ್ಷೆಯ ಅಂತರವೂ ಐದು ನಿಮಿಷವಾಗಿದ್ದರೆ ಅದು ಹದಿನೈದಾಗುತ್ತದೆ. ಈ ಅಂಕಿಯನ್ನು ಬರೆದು ಮೇಲಧಿಕಾರಿಗೆ ಮೊದಲೇ ತಿಳಿಸಿದ್ದರೆ ಆಮೇಲೆ ಬರುವ ಎಷ್ಟೋ ಮಾತುಗಳು ತಪ್ಪುತ್ತವೆ. ಉಪಕರಣ ತಾನಾಗಿಯೇ ಕಳಿಸುವ ಟ್ರ್ಯಾಪ್ ಸಂದೇಶ ತಕ್ಷಣ ಬರುತ್ತದೆ ನಿಜ, ಆದರೆ ಅದು ತಲುಪಿತೇ ಎಂದು ಕಳಿಸಿದ ಉಪಕರಣ ಕೇಳಿ ತಿಳಿಯುವುದಿಲ್ಲ. ದಾರಿಯಲ್ಲಿ ಕಳೆದುಹೋದರೆ ಹೋದಂತೆಯೇ. ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ.

ಗಡಿಯಾರದ ವಿಷಯ ಚಿಕ್ಕದು, ಆದರೂ ನನ್ನನ್ನು ಬಹಳ ಕಾಡಿದೆ. ತಂತ್ರಾಂಶ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯದಲ್ಲಿ ಓಡುತ್ತಿದ್ದರೆ ಬೆಳಿಗ್ಗೆ 9:10ರ ತೊಂದರೆ 3:40 ಎಂದು ದಾಖಲಾಗುತ್ತದೆ, ದಿನದ ವರದಿ ಬೆಳಿಗ್ಗೆ 5:30ರಿಂದ ಆರಂಭವಾಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಯಂತ್ರಗಳು ಬರೆದಿಡುವ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದೊಂದಿಗೆ ಹೊಂದಿಸಿರಬೇಕು. ಹಳೆಯ ಅಂಕಿಗಳನ್ನು ಜಾಗ ಉಳಿಸಲೆಂದು ಗಂಟೆಯ, ದಿನದ ಸರಾಸರಿಗೆ ಕುಗ್ಗಿಸುವ ತಂತ್ರಾಂಶದಲ್ಲಿ ಮೂರು ತಿಂಗಳ ಹಿಂದಿನ ಘಟನೆಯ ವಿವರ ಉಳಿದಿರುವುದಿಲ್ಲ. ಆದ್ದರಿಂದ ಲಾಗ್‌ಗಳನ್ನು ನಕ್ಷೆಗಳಿಂದ ಬೇರೆಯಾಗಿ ಇಟ್ಟುಕೊಳ್ಳಿ.

ಮಾಹಿತಿ ಬಾರದಿದ್ದಾಗ

ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪುಗಳಲ್ಲಿ ಕೂರಿಸಿದ, ಯಂತ್ರದ ಸ್ಥಿತಿಯನ್ನು ಕಳಿಸುವ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಂ ಎರಡು ವಾರದಿಂದ ಏನನ್ನೂ ಕಳಿಸದಿದ್ದರೆ ನಿಮ್ಮ ಪರದೆ ಏನನ್ನು ತೋರಿಸುತ್ತದೆ? ಕೆಲವು ತಂತ್ರಾಂಶಗಳು ಕೊನೆಯ ಬಾರಿ ಬಂದ ಸ್ಥಿತಿಯನ್ನೇ, ಅಂದರೆ ಹಸಿರನ್ನೇ, ತೋರಿಸುತ್ತ ಕೂರುತ್ತವೆ. ಬೂದು ಬಣ್ಣ ತೋರಿಸುವವುಗಳಲ್ಲೂ ಆ ಬೂದು ಬಣ್ಣಕ್ಕೆ ಎಚ್ಚರಿಕೆ ಹೋಗದಂತೆ ಮೊದಲಿನಿಂದಲೇ ಇರುವುದುಂಟು. ನಾಗಿಯೋಸ್‌ನಲ್ಲಿ 'ತಿಳಿಯದು' ಎಂಬುದಕ್ಕೆ ಪ್ರತ್ಯೇಕ ಸ್ಥಿತಿಯಿದೆ, ಝಾಬಿಕ್ಸ್‌ನಲ್ಲಿ ಇಷ್ಟು ಹೊತ್ತು ಮಾಹಿತಿ ಬಾರದಿದ್ದರೆ ಎಚ್ಚರಿಸು ಎಂದು ಬರೆಯುವ ಸೌಲಭ್ಯವಿದೆ, ಅವನ್ನು ಬಳಸಿ. ಮೌನವನ್ನು ಆರೋಗ್ಯವೆಂದು ಓದುವ ತಂತ್ರಾಂಶ ನಾನು ಕಂಡ ಕೊರತೆಗಳಲ್ಲೆಲ್ಲ ಅತ್ಯಂತ ಅಪಾಯಕಾರಿ. ರಾತ್ರಿಯ ಬ್ಯಾಕಪ್ ಆರಂಭವೇ ಆಗದಿದ್ದಾಗ ವಿಫಲವಾಯಿತೆಂಬ ಸಂದೇಶವನ್ನು ಕಳಿಸುವವರೇ ಇರುವುದಿಲ್ಲ. ಬ್ಯಾಕಪ್ 'ವಿಫಲವಾದರೆ ತಿಳಿಸು' ಎಂದು ಏರ್ಪಡಿಸುವುದಕ್ಕಿಂತ 'ಬೆಳಿಗ್ಗೆ ಆರರೊಳಗೆ ಯಶಸ್ಸಿನ ಗುರುತು ಬಾರದಿದ್ದರೆ ತಿಳಿಸು' ಎಂದು ಏರ್ಪಡಿಸುವುದು ಕ್ಷೇಮ.

ಬೇಕೆಂದೇ ಕೆಡಿಸಿ ನೋಡುವುದು

ಇಲ್ಲಿಯವರೆಗಿನದು ಕುಳಿತು ಮಾಡುವ ಕೆಲಸ. ಇನ್ನು ಎದ್ದು ಹೋಗಿ, ಲಿಖಿತ ಅನುಮತಿ ಪಡೆದು, ಸಂಬಂಧಪಟ್ಟ ವಿಭಾಗಗಳಿಗೆ ಹಿಂದಿನ ದಿನವೇ ತಿಳಿಸಿ, ಒಂದೊಂದನ್ನೇ ಕೆಡಿಸಿ ನೋಡಬೇಕು. ಆಸ್ಪತ್ರೆಯಾದರೆ ತೀವ್ರ ನಿಗಾ ಘಟಕಕ್ಕೂ ಶಸ್ತ್ರಚಿಕಿತ್ಸಾ ಕೊಠಡಿಗೂ ಸಂಬಂಧಿಸಿದ ಯಾವುದನ್ನೂ ಮುಟ್ಟಬಾರದು; ಅಲ್ಲಿನ ಉಪಕರಣಗಳಿಗೆ ಬದಲಿ ಉಪಕರಣವೊಂದನ್ನು ಬೇರೆಡೆ ಜೋಡಿಸಿ ಅದರ ಮೇಲೆ ಪರೀಕ್ಷಿಸಿ. ಒಂದು ಮಹಡಿಯ ಸ್ವಿಚ್ಚಿನ ಮೇಲ್ಸಂಪರ್ಕದ ಕೇಬಲ್ ಕಿತ್ತು ಗಡಿಯಾರ ನೋಡಿ. ಪ್ರಿಂಟ್ ಸೇವೆಯನ್ನು ನಿಲ್ಲಿಸಿ. ಪರೀಕ್ಷಾ ಸರ್ವರಿನ ಡಿಸ್ಕನ್ನು ದೊಡ್ಡ ಫೈಲಿನಿಂದ ತುಂಬಿಸಿ. ಒಂದು ಉಪಕರಣದ ಎಸ್‌ಎನ್‌ಎಂಪಿ ಗುಪ್ತಪದವನ್ನು ಬದಲಾಯಿಸಿ, ಪಿಂಗ್ ಹಸಿರಾಗಿ ಉಳಿದು ಒಳಗಿನ ಅಂಕಿಗಳೆಲ್ಲ ನಿಂತುಹೋದದ್ದನ್ನು ತಂತ್ರಾಂಶ ಹೇಳುತ್ತದೆಯೇ ಎಂದು ಗಮನಿಸಿ.

ಆಮೇಲೆ ನಿಗಾ ತಂತ್ರಾಂಶ ಓಡುತ್ತಿರುವ ಸರ್ವರನ್ನೇ ನಿಲ್ಲಿಸಿ. ಹೆಚ್ಚಿನ ಕಚೇರಿಗಳಲ್ಲಿ ಆಗ ಯಾರಿಗೂ ಏನೂ ತಿಳಿಯುವುದಿಲ್ಲ, ಗೋಡೆಯ ಮೇಲಿನ ಟಿವಿಯಲ್ಲಿ ಕೊನೆಯ ಚಿತ್ರ ಹಾಗೆಯೇ ನಿಂತಿರುತ್ತದೆ. ನಿಗಾ ಸರ್ವರ್ ಬದುಕಿದೆಯೇ ಎಂದು ನೋಡಲು ಕಟ್ಟಡದ ಹೊರಗಿನ, ಬೇರೆ ವಿದ್ಯುತ್ತು ಮತ್ತು ಬೇರೆ ಇಂಟರ್ನೆಟ್ಟಿನ ಮೇಲಿರುವ ಎರಡನೆಯ ಯಂತ್ರವೊಂದು ಬೇಕು; ಚಿಕ್ಕದಾದರೂ ಸಾಕು.

ಎಚ್ಚರಿಕೆ ಸಾಗುವ ದಾರಿಯನ್ನು ಕೊನೆಯವರೆಗೂ ಹಿಂಬಾಲಿಸಿ. ಇಂಟರ್ನೆಟ್ ಬಿದ್ದಿದೆ ಎಂಬ ಇಮೇಲು ಅದೇ ಇಂಟರ್ನೆಟ್ಟಿನ ಮೂಲಕ ಹೋಗಬೇಕಾಗಿದ್ದರೆ ಅದು ಲೈನು ಸರಿಯಾದ ಮೇಲೆ ಬರುತ್ತದೆ. ಎಸ್‌ಎಂಎಸ್ ಆದರೆ ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಅಡಿಯಲ್ಲಿ ಸಂಸ್ಥೆಗಳು ಕಳಿಸುವ ಸಂದೇಶದ ನಮೂನೆ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು, ಅದಕ್ಕೆ ಹೊಂದದ ಸಂದೇಶವನ್ನು ದಾರಿಯಲ್ಲೇ ತಡೆಯಲಾಗುತ್ತದೆ. ಎಚ್ಚರಿಕೆಯ ವಾಕ್ಯದಲ್ಲಿ ಒಂದು ಪದ ಬದಲಾಯಿಸಿದ ದಿನದಿಂದ ಎಸ್‌ಎಂಎಸ್ ನಿಂತುಹೋಗಿ, ತಂತ್ರಾಂಶದ ದಾಖಲೆಯಲ್ಲಿ ಮಾತ್ರ 'ಕಳಿಸಲಾಗಿದೆ' ಎಂದೇ ಇದ್ದದ್ದನ್ನು ನಾನು ಕಂಡಿದ್ದೇನೆ. ಕೆಲಸ ಬಿಟ್ಟು ಹೋದವರ ನಂಬರಿಗೆ ಎಚ್ಚರಿಕೆ ಹೋಗುತ್ತಿಲ್ಲವಷ್ಟೇ ಎಂಬುದನ್ನೂ ನೋಡಿಬಿಡಿ.

ಕರೆಂಟು ಹೋದ ಸಂಜೆಯೊಂದನ್ನು ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಕಟ್ಟಡದ ಒಂದು ಸ್ವಿಚ್ ನಿಂತಾಗ ಅದರ ಹಿಂದಿನ ನಲವತ್ತು ಉಪಕರಣಗಳಿಂದ ನಲವತ್ತು ಎಚ್ಚರಿಕೆಗಳು ಬಂದರೆ ಮೂಲ ಕಾರಣ ಅವುಗಳಡಿಯಲ್ಲಿ ಹೂತುಹೋಗುತ್ತದೆ. ಯಾವುದು ಯಾವುದರ ಹಿಂದಿದೆ ಎಂಬ ಅವಲಂಬನೆಯನ್ನು ತಂತ್ರಾಂಶಕ್ಕೆ ಬರೆದುಕೊಡುವುದು ಬೇಸರದ ಕೆಲಸ, ಎರಡು ದಿನ ಹಿಡಿಯಬಹುದು. ಆದರೂ ಅದನ್ನು ಮಾಡಿಯೇ ತೀರಬೇಕು.

ತಂತ್ರಾಂಶವೇ ತರುವ ಅಪಾಯ

ಎಲ್ಲ ಉಪಕರಣಗಳ ಬೀಗದ ಕೈ ಒಂದೇ ಕಡೆ ಇರುವುದರಿಂದ ನಿಗಾ ತಂತ್ರಾಂಶ ದಾಳಿಕೋರರಿಗೆ ಪ್ರಿಯವಾದ ಜಾಗ. ಸೋಲಾರ್‌ವಿಂಡ್ಸ್ ಕಂಪನಿಯ ಓರಿಯನ್ ಎಂಬ ನಿಗಾ ತಂತ್ರಾಂಶದ ಅಪ್‌ಡೇಟಿನೊಳಗೆ ದಾಳಿಕೋರರು ಹಿಂಬಾಗಿಲು ಸೇರಿಸಿದ್ದು 2020ರ ಡಿಸೆಂಬರಿನಲ್ಲಿ ಬಯಲಾಯಿತು. ಆ ಅಪ್‌ಡೇಟನ್ನು ಸುಮಾರು 18,000 ಗ್ರಾಹಕರು ಹಾಕಿಕೊಂಡಿದ್ದರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಭದ್ರತಾ ಏಜೆಂಟಿಗೆ ಬಂದ ದೋಷಪೂರಿತ ಅಪ್‌ಡೇಟು ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ತಂತ್ರಾಂಶಕ್ಕೆ ಓದುವ ಅಧಿಕಾರವನ್ನಷ್ಟೇ ಕೊಡಿ, ಬದಲಾಯಿಸುವ ಅಧಿಕಾರ ಬೇಡ. ಎಸ್‌ಎನ್‌ಎಂಪಿಯ ಮೊದಲೆರಡು ಆವೃತ್ತಿಗಳಲ್ಲಿ ಗುಪ್ತಪದ ಜಾಲದ ಮೇಲೆ ತೆರೆದಂತೆಯೇ ಸಾಗುತ್ತದೆ, ಎಷ್ಟೋ ಕಡೆ ಅದು ಇನ್ನೂ 'ಪಬ್ಲಿಕ್' ಎಂದೇ ಇರುತ್ತದೆ. ಉಪಕರಣ ಒಪ್ಪುವುದಾದರೆ ಮೂರನೆಯ ಆವೃತ್ತಿಗೆ ಹೋಗಿ ಗೂಢಲಿಪೀಕರಣವನ್ನು ಚಾಲೂ ಮಾಡಿ. ಏಜೆಂಟಿನ ಹೊಸ ಆವೃತ್ತಿ ಬಂದಾಗ ನಿಮ್ಮ ವಿಭಾಗದ ಕೆಲವೇ ಯಂತ್ರಗಳಲ್ಲಿ ಮೊದಲು ಹಾಕಿ ಒಂದು ವಾರ ಕಾದು ನೋಡಿ.

ಯಂತ್ರದ ಮೇಲೆ ಕೂರಿಸಿದ ಏಜೆಂಟು ಮನುಷ್ಯರ ಮೇಲಿನ ನಿಗಾ ಆಗಿಬಿಡುವ ಅಪಾಯವನ್ನೂ ಹೇಳಬೇಕು. ಕೀಬೋರ್ಡ್ ಸುಮ್ಮನಿದ್ದ ನಿಮಿಷಗಳನ್ನು ಎಣಿಸುವ ಏಜೆಂಟಿಗೆ, ರೋಗಿಯ ಪಕ್ಕ ನಿಂತಿರುವ ದಾದಿಯೂ ಕೆಲಸ ಮಾಡದೆ ಕುಳಿತವರೂ ಒಂದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಏಜೆಂಟು ಏನೇನನ್ನು ಓದುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡಲಾಗುತ್ತದೆ ಎಂಬುದನ್ನು ಸಿಬ್ಬಂದಿಗೆ ಅವರ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದುಕೊಡಿ. ಉಪಕರಣದ ಆರೋಗ್ಯಕ್ಕೆ ಬೇಡವಾದ ಅಂಶಗಳ ಸಂಗ್ರಹವನ್ನು ನಿಲ್ಲಿಸಿಬಿಡಿ.

ವರದಿ ಬರೆಯುವುದು

ಇಷ್ಟೆಲ್ಲ ಆದ ಮೇಲೆ ಕೈಯಲ್ಲಿ ಮೂವತ್ತು ನಲವತ್ತು ಕೊರತೆಗಳು ಉಳಿಯುತ್ತವೆ. ಅವನ್ನು ಮೂರು ಗುಂಪು ಮಾಡಿ: ನಾವೇ ಸೆಟ್ಟಿಂಗ್ ಬದಲಿಸಿ ಸರಿಪಡಿಸಬಹುದಾದವು, ಹಣ ಅಥವಾ ಹೆಚ್ಚಿನ ಪರವಾನಗಿ ಕೇಳುವವು, ಮತ್ತು ಈ ತಂತ್ರಾಂಶದಿಂದ ಎಂದೂ ಆಗದವು. ಮೊದಲ ಗುಂಪೇ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ, ಆದ್ದರಿಂದ ಹೊಸ ತಂತ್ರಾಂಶ ಕೊಳ್ಳುವ ಪ್ರಸ್ತಾವದಿಂದ ವರದಿಯನ್ನು ಆರಂಭಿಸಬೇಡಿ. ಸೆನ್ಸರುಗಳ, ಅಂದರೆ ನಿಗಾ ಇಡುವ ಒಂದೊಂದು ಅಂಕಿಯ, ಲೆಕ್ಕದಲ್ಲಿ ಪರವಾನಗಿ ಇರುವ ಕಡೆ, ಯಾರೂ ನೋಡದ ಅಂಕಿಗಳನ್ನು ತೆಗೆದುಹಾಕಿದರೆ ಬೇಕಾದವಕ್ಕೆ ಜಾಗ ಸಿಗುತ್ತದೆ. ಮೂರನೆಯ ಗುಂಪಿಗೆ ತಂತ್ರಾಂಶದ ಹೊರಗಿನ ಏರ್ಪಾಡನ್ನು ಬರೆಯಿರಿ: ಇಂಥ ದಿನ ಇಂಥವರು ನಡೆದು ಹೋಗಿ ನೋಡಬೇಕು ಎಂದು.

ಪ್ರತಿ ಕೊರತೆಯನ್ನೂ ತಂತ್ರಜ್ಞರಲ್ಲದವರಿಗೆ ಅರ್ಥವಾಗುವಂತೆ ಬರೆಯಬೇಕು. ನನ್ನ ಪುಸ್ತಕದ ಮೊದಲ ನಮೂದು ಹೀಗಿತ್ತು: "ನೋಂದಣಿ ಕೌಂಟರಿನ ಜಾಲದಲ್ಲಿ ವಿಳಾಸಗಳು ಮುಗಿದರೆ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಪರಿಣಾಮ: ಹೊಸ ರೋಗಿಗಳಿಗೆ ಚೀಟಿ ಸಿಗುವುದಿಲ್ಲ. ಪರಿಹಾರ: ರೋಗಿಗಳ ಕಡೆಯವರಿಗೆ ಬೇರೆ ವೈಫೈ ಜಾಲ, 200 ವಿಳಾಸ ಖರ್ಚಾದೊಡನೆ ಎಚ್ಚರಿಕೆ, ಕೌಂಟರಿನ ಐದೂ ಕಂಪ್ಯೂಟರುಗಳಿಗೆ ಕಾಯ್ದಿರಿಸಿದ ವಿಳಾಸ. ಪರೀಕ್ಷೆ: ಮುಂದಿನ ಭಾನುವಾರ, ವಿಳಾಸಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ಕಡಿಮೆ ಮಾಡಿ." ಆ ಭಾನುವಾರ ಪರೀಕ್ಷಿಸಿದಾಗ ಎಚ್ಚರಿಕೆ ಬಂತು, ಆದರೆ ರಜೆಯ ಮೇಲಿದ್ದ ಸಹೋದ್ಯೋಗಿಯ ಫೋನಿಗೆ ಮಾತ್ರ ಬಂತು. ಅದು ಪುಸ್ತಕದ ಎರಡನೆಯ ನಮೂದಾಯಿತು.